ಹುಳದ ಮನೆಯಲ್ಲಿ ಅಳಬಾರದು

ಸುದ್ದಿ ಮೊದಲು ಬಂದದ್ದು ಹಾಲಿನ ಡೈರಿಗೆ. ತುಮ್ಮನಪಲ್ಲಿಗೆ ಯಾವ ಸುದ್ದಿ ಬಂದರೂ ಮೊದಲು ಕಾಲಿಡುವುದು ಅಲ್ಲಿಯೇ. ಕ್ಯಾನು ಹಿಡಿದು ನಿಂತ ಹೆಂಗಸರ ಸಾಲಿನಲ್ಲಿ ಅದು ಬಾಯಿಂದ ಬಾಯಿಗೆ ದಾಟಿ, ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಕೈಕಾಲು ಮೂಡಿ ಓಡಾಡುತ್ತಿರುತ್ತದೆ. ಅವತ್ತು ಗಂಗುಲಮ್ಮ ಸಾಲಿನ ಕೊನೆಯಲ್ಲಿದ್ದಳು. ಹಾಗಾಗಿ ಅವಳ ಪಾಲಿಗೆ ಬಂದದ್ದು ಪೂರ್ತಿ ಬೆಳೆದ ಸುದ್ದಿ. ಸಾರಂಗ ಗಣಕದವರು ನಮ್ಮ ಹುಳ ಬಿಟ್ಟು ಬೇರೆ ಯಾರದೋ ಚಿಪ್ ಕೊಳ್ಳುತ್ತಾರಂತೆ, ಮಾತುಕತೆ ಮುಗಿದಿದೆಯಂತೆ, ಈ ಬೆಳೆಯೇ ಕಡೆಯದಂತೆ.

ಬೆಂಕಿ ಇಲ್ಲದೆ ಹೊಗೆಯಾಡುವುದಿಲ್ಲ ಎಂದರು ಒಬ್ಬರು. ನಮ್ಮನ್ನು ಹೆದರಿಸಿ ಹದ್ದುಬಸ್ತಿನಲ್ಲಿಡಲು ಅವರೇ ಬಿಟ್ಟ ಗಾಳಿಮಾತು ಎಂದರು ಇನ್ನೊಬ್ಬರು. ಗಂಗುಲಮ್ಮ ಹಾಲು ಅಳೆಸಿ ಮನೆಗೆ ಬಂದಳು. ಅವಳ ಸಿಟ್ಟು ದಪ್ಪ ತಳದ ಪಾತ್ರೆಯ ಹಾಗೆ. ಕಾಯಲು ಹೊತ್ತು ಹಿಡಿಯುತ್ತದೆ. ಕಾದ ಮೇಲೆ ಒಲೆ ಆರಿಸಿದರೂ ಕುದಿಯುವುದು ನಿಲ್ಲುವುದಿಲ್ಲ.

ತುಮ್ಮನಪಲ್ಲಿಯವರು ಹುಳ ಎನ್ನುವುದು ನಿಜವಾದ ಹುಳವನ್ನಲ್ಲ. ರೇಷ್ಮೆ ಹುಳ ಸಾಕುವುದು ಊರಿನಲ್ಲಿ ನಿಂತು ಒಂದು ತಲೆಮಾರು ಕಳೆದಿತ್ತು. ಈಗ ಅದೇ ಹುಳದ ಮನೆಗಳಲ್ಲಿ, ಅದೇ ಬಿದಿರಿನ ತಟ್ಟೆಗಳಲ್ಲಿ, ಹುಣಸೆ ಬೀಜದಷ್ಟು ದಪ್ಪದ ಚಿಪ್‌ಗಳು ಬೆಳೆಯುತ್ತಿದ್ದವು. ಎರಡು ತೆಳು ಲೋಹದ ಹಾಳೆಗಳ ನಡುವೆ, ರೇಷ್ಮೆಯನ್ನು ಕರಗಿಸಿ ಎರೆದ ಒಂದು ಪೊರೆ. ಕಾರ್ಖಾನೆಯಿಂದ ಬರುವಾಗ ಆ ಪೊರೆ ಏನೂ ತಿಳಿಯದ ಹಸುಗೂಸು. ಮನೆಯ ಕಾವು, ಹದವಾದ ತೇವ, ಮನುಷ್ಯರ ಮಾತು ಸಿಕ್ಕರೆ ಅದರೊಳಗೆ ಕೂದಲೆಳೆಗಿಂತ ಸಣ್ಣ ದಾರಿಗಳು ಮೂಡುತ್ತವೆ. ಮೇಲಿಂದ ಮೇಲೆ ಕೇಳಿದ ಸದ್ದಿನ ದಾರಿ, ಜನ ಓಡಾಡಿದ ಕಾಲುದಾರಿಯ ಹಾಗೆ ಸವೆದು ಅಗಲವಾಗುತ್ತದೆ. ಆಗಾಗ ಚಿಪ್ ತಾನಾಗಿಯೇ ಬಿಸಿಯೇರುತ್ತದೆ. ಆ ಬಿಸಿಯಲ್ಲಿ, ಯಾರೂ ತುಳಿಯದ ದಾರಿಗಳು ಮುಚ್ಚಿಹೋಗುತ್ತವೆ. ಹುಳ ಪೊರೆ ಬಿಡುವ ಕಾಲವನ್ನು ಹಿಂದಿನವರು ಜ್ವರ ಎನ್ನುತ್ತಿದ್ದರು. ಇದಕ್ಕೂ ಅದೇ ಹೆಸರು ನಿಂತಿತು. ನಾಲ್ಕು ಜ್ವರ. ನಾಲ್ಕನೆಯದು ಇಳಿದರೆ ಹುಳ ಹಣ್ಣಾಯಿತೆಂದು ಅರ್ಥ. ಅಲ್ಲಿಂದಾಚೆ ಅದು ಹೊಸದನ್ನು ಕಲಿಯದು, ಕಲಿತದ್ದನ್ನು ಮರೆಯದು.

ಮಾತೇ ಮೇವು. ದಿನಕ್ಕೆ ಮೂರು ಹೊತ್ತು ಮನೆಯ ಹೆಂಗಸರು ತಟ್ಟೆಗಳ ಮುಂದೆ ಕುಳಿತು ಮಾತಾಡಬೇಕು. ಇವತ್ತು ಯಾವ ಸಾರು, ಎಮ್ಮೆ ಯಾಕೆ ಮೇವು ಮುಟ್ಟಲಿಲ್ಲ, ಯಾರ ಮದುವೆಗೆ ಯಾವ ಸೀರೆ. ಹಣ್ಣಾದ ಹುಳಗಳನ್ನು ಪಟ್ಟಣದ ಗೂಡು ಕಂಪನಿ ಒಟ್ಟುಮಾಡಿ ಸಾರಂಗದವರಿಗೆ ಕಳಿಸುತ್ತಿತ್ತು. ಸಾರಂಗದವರದು ಕಿವಿಯಿರುವ ಗಣಕಗಳು. ಬಸ್ ನಿಲ್ದಾಣದಲ್ಲಿ, ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಗಳಲ್ಲಿ ಗೋಡೆಗೆ ಕೂತು, ಹಲ್ಲಿಲ್ಲದ ಮುದುಕಿ ಅರೆಬರೆ ಆಡಿದ ಮಾತನ್ನೂ ಹಿಡಿಯುತ್ತಿದ್ದವು. ಮನೆಯಲ್ಲಿ ಬೆಳೆದ ಚಿಪ್‌ಗೆ ಮನೆಯವರ ದನಿ ಗೊತ್ತು ಎಂದು ಕಂಪನಿಯವರೇ ಹಾಡಿ ಹೊಗಳುತ್ತಿದ್ದರು.

ಹಳೆಯ ಮಡಿಯೂ ಹಾಗೇ ಉಳಿದಿತ್ತು. ಮುಟ್ಟಾದವರು ಹುಳದ ಮನೆಯ ಹೊಸಿಲು ದಾಟಬಾರದು. ಪುರುಡಿನವರು, ಸಾವಿನ ಮನೆಯಿಂದ ಬಂದವರು ದಾಟಬಾರದು. ಒಳಗೆ ಜಗಳ ಕೂಡದು, ನರಳಾಟ ಕೂಡದು, ಅಳು ಕೂಡದು. ಹುಳ ಬೆದರುತ್ತವೆ. ಇದು ನಿಜವಾದ ಹುಳಗಳಿದ್ದ ಕಾಲದ ಮಾತು. ಚಿಪ್ ಬಂದಾಗ ಇದು ಬೇಕೇ ಬೇಡವೇ ಎಂದು ಯಾರೂ ಕೇಳಲಿಲ್ಲ. ಕಂಪನಿಗಂತೂ ಮಡಿ ಹಿಡಿಸಿತು. ಸದ್ದು ಗದ್ದಲವಿಲ್ಲದ ಮನೆಯ ಹುಳ ಅವರ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತಿತ್ತು. ತಗಡಿನ ಮೇಲೆ ಬರೆಸಿ ಮನೆಮನೆಯ ಬಾಗಿಲಿಗೂ ಹೊಡೆಸಿದರು: ‘ಹುಳದ ಮನೆಯಲ್ಲಿ ಅಳಬಾರದು.’ ಆಯುಧಪೂಜೆಗೆ ಗಂಗುಲಮ್ಮ ಆ ತಗಡನ್ನು ಒರೆಸಿ ಅದಕ್ಕೂ ಕುಂಕುಮ ಇಡುತ್ತಿದ್ದಳು.

ಸುದ್ದಿ ಬಂದ ಮಾರನೆಯ ದಿನ ಗೂಡು ಕಂಪನಿಯ ಮೇಸ್ತ್ರಿ ರಾಮಾಂಜಿ ಸ್ಕೂಟರಿನಲ್ಲಿ ಬಂದು ಡೈರಿಯ ಕಟ್ಟೆಯ ಮೇಲೆ ಎಲ್ಲರನ್ನೂ ಸೇರಿಸಿದ. ಗಾಳಿಮಾತು ನಂಬಬೇಡಿ ಎಂದ. ಬಾಯಲ್ಲಿ ಹಾಗೆಂದರೂ ಕಣ್ಣು ಯಾರ ಮುಖದ ಮೇಲೂ ನಿಲ್ಲಲಿಲ್ಲ. ಹೆಂಗಸರು ಬಿಡಲಿಲ್ಲ. ಹಾಗಾದರೆ ಇಲ್ಲ ಅಂತ ಸಾರಂಗದವರ ಬಾಯಿಂದ ಹೇಳಿಸು ಎಂದು ಹಿಡಿದರು. ಆಗ ಅವನು ತಲೆ ಕೆರೆದುಕೊಂಡು, ನಮ್ಮ ಚಿಪ್‌ಗಳು ಕೆಲವು ಕಡೆ ಸರಿಯಾಗಿ ಕೇಳಿಸಿಕೊಳ್ಳುತ್ತಿಲ್ಲವೆಂದು ದೂರು ಬಂದಿದೆ, ಅಷ್ಟೇ ಎಂದ. ಎಲ್ಲಿ ಎಂದರೆ ಹೇಳಲಿಲ್ಲ. ಎಲ್ಲೋ ಮೈಲಿಗೆ ಆಗಿರಬೇಕು, ಮಡಿ ಇನ್ನೂ ಬಿಗಿ ಮಾಡಿ, ಈ ಬೆಳೆ ಚೊಕ್ಕವಾಗಿ ಬರಲಿ, ಆಮೇಲೆ ಸಾರಂಗದವರು ಎಲ್ಲಿಗೆ ಹೋಗುತ್ತಾರೆ ನೋಡೋಣ ಎಂದು ಧೈರ್ಯ ಹೇಳಿದ.

ಮೈಲಿಗೆ ಎಂಬ ಮಾತು ಬಿದ್ದದ್ದೇ ತಡ, ಚೌಡಕ್ಕನ ಬಾಯಿ ತೆರೆಯಿತು. ಚೌಡಕ್ಕ ಗಂಗುಲಮ್ಮನ ಎದುರು ಮನೆಯವಳು.

“ಎಲ್ಲಿ ಆಗೈತೆ ಅಂತ ಊರಿಗೇ ಗೊತ್ತಲ್ಲ. ಕೂಸು ಕಳ್ಕೊಂಡ ಬಸುರೀನ ಹುಳದ ಮನೆ ಗೋಡೆ ಪಕ್ಕಾನೇ ಮಲಗಿಸ್ಕೊಂಡವ್ರೆ. ನಾವು ಕಣ್ಣು ಮುಚ್ಕೊಂಡು ಕೂತಿದೀವಿ.”

ಗಂಗುಲಮ್ಮನ ಮಗಳು ವನಜಾಕ್ಷಿಯ ವಿಷಯ ಅದು. ಮದುವೆಯಾದ ಮರುವರ್ಷ ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ತಾಲ್ಲೂಕು ಆಸ್ಪತ್ರೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನೋವು ತಿಂದು, ಕಡೆಗೆ ಬರಿಗೈಯಲ್ಲಿ ಮನೆಗೆ ಬಂದಳು. ಗೋಡೆಯ ಮೇಲಿನ ಗಣಕ ಹಸಿರು ದೀಪ ತೋರಿಸುತ್ತಿತ್ತು, ನಮಗೇನು ಗೊತ್ತು ಎಂದಿದ್ದರು ನರ್ಸುಗಳು. ಹಣೆಬರಹ ಎಂದಿದ್ದರು ಊರಿನವರು. ಈಗ ಎರಡನೆಯ ಬಸುರು, ತುಂಬಿದ ದಿನಗಳು, ಮತ್ತೆ ತವರಿಗೆ ಬಂದಿದ್ದಳು.

ಗಂಗುಲಮ್ಮ ಮನೆಗೆ ಬಂದರೆ ಅಲ್ಲಿ ಅತ್ತೆ ಪಿಳ್ಳಮ್ಮ ಆಗಲೇ ತೀರ್ಮಾನ ಮಾಡಿ ಕೂತಿದ್ದಳು. ಪಿಳ್ಳಮ್ಮ ಈ ಮನೆಯಲ್ಲಿ ಹುಳದ ಮಡಿಗೆ ಕಾವಲು. ಕಣ್ಣು ಮಂಜಾಗಿದ್ದರೂ ಹೊಸಿಲ ಮೇಲೆ ಯಾರ ಹೆಜ್ಜೆ ಬಿತ್ತೆಂದು ಹೇಳುವಳು. ಅವಳ ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದಿತ್ತು. ಹರೆಯದಲ್ಲಿ ಕಬ್ಬು ಕಚ್ಚಿ ಮುರೀತು ಎಂದು ಮೊಮ್ಮಕ್ಕಳಿಗೆ ಹೇಳಿ ನಗಿಸುತ್ತಿದ್ದಳು. ಈಗ ನಗಲಿಲ್ಲ. ವನಜಳ ಹಾಸಿಗೆಯನ್ನು ಅಂಗಳದ ಆಚೆಯ ಸೊಪ್ಪಿನ ಕೋಣೆಗೆ ಹಾಕಿಸು ಎಂದಳು. ಹಿಂದೆ ಹಿಪ್ಪುನೇರಳೆ ಸೊಪ್ಪು ರಾಶಿ ಹಾಕುತ್ತಿದ್ದ ಕೋಣೆ ಅದು. ಕಿಟಕಿಯಿಲ್ಲ.

ಗಂಗುಲಮ್ಮ ಹಾಕಿಸಿದಳು. ಊರಿನ ಬೆಳೆಯೆಲ್ಲ ಇವಳ ಮಗಳಿಂದ ಕೆಟ್ಟಿತೆಂದು ಜನ ಆಡಿಕೊಳ್ಳುವುದು ಬೇಡವೆಂದು, ಲಾರಿ ಓಡಿಸಲು ಹೋದ ತನ್ನ ಗಂಡ ಬರುವವರೆಗಾದರೂ ಇರಲೆಂದು, ಏನೇನೋ ನೆಪ ಹೇಳಿಕೊಂಡು ಹಾಕಿಸಿದಳು. ವನಜ ದಿಂಬು ಕಂಕುಳಲ್ಲಿಟ್ಟುಕೊಂಡು ಅಂಗಳ ದಾಟುವಾಗ ನಿಂತಳು.

“ಹೋದ ಸಲ ಆಸ್ಪತ್ರೇಲಿ ನಾನು ಕೂಗಿದ್ದು ಯಾರಿಗೂ ಕೇಳ್ಸಲಿಲ್ಲ. ಈ ಸಲ ಮನೇಲೂ ಕೇಳ್ಸಬಾರ್ದು, ಅಲ್ವೇನಮ್ಮ?” ಎಂದಳು.

ತಾಯಿ ಅವಳ ಕಂಕುಳಿನ ದಿಂಬು ತೆಗೆದುಕೊಂಡು ಮುಂದೆ ನಡೆದಳು.

ಮೂರನೆಯ ಜ್ವರ ಇಳಿದ ಮೇಲೆ ಪ್ರತಿ ಮನೆಯಿಂದಲೂ ಒಂದು ಹಿಡಿ ಹುಳ ಪಟ್ಟಣದ ಪ್ರಯೋಗಾಲಯಕ್ಕೆ ಹೋಗಬೇಕು. ಯಾವಾಗಲೂ ರಾಮಾಂಜಿ ಒಯ್ಯುತ್ತಿದ್ದ. ಈ ಸಲ ಅಲ್ಲಿಂದ ಜಬೀನಾ ಫೋನು ಮಾಡಿ, ಗಂಗುಲಕ್ಕ ನೀವೇ ತನ್ನಿ ಎಂದಳು. ಯಾಕೆಂದು ಹೇಳಲಿಲ್ಲ. ಜಬೀನಾಳ ತಂದೆ ನೂಲು ಬಿಚ್ಚುವ ಘಟಕ ನಡೆಸುತ್ತಿದ್ದ ಕಾಲದಲ್ಲಿ ಗಂಗುಲಮ್ಮನ ಮಾವನಿಂದ ಗೂಡು ಕೊಳ್ಳುತ್ತಿದ್ದವರು. ಆ ಘಟಕವನ್ನೇ ಗೂಡು ಕಂಪನಿ ಹಿಡಿದು ಪ್ರಯೋಗಾಲಯ ಮಾಡಿತ್ತು. ಮಗಳು ಓದಿ ಅಲ್ಲೇ ಕೆಲಸಕ್ಕೆ ಸೇರಿದ್ದಳು.

ಜಬೀನಾ ಬಾಗಿಲು ಹಾಕಿದಳು. ಗಂಗುಲಮ್ಮ ತಂದ ಹುಳಗಳಲ್ಲಿ ಒಂದನ್ನು ಎತ್ತಿ ಮೇಜಿನ ಮೇಲಿನ ಕಿಂಡಿಗೆ ಕೂರಿಸಿದಳು. ಪರದೆಯ ಮೇಲೆ ಒಂದು ಹಸಿರು ಗೆರೆ ಉದ್ದಕ್ಕೆ ಮಲಗಿತು. ಹುಳ ಕೇಳಿಸಿಕೊಂಡರೆ ಗೆರೆ ಏಳುತ್ತದೆ, ಕೇಳಿಸಿಕೊಳ್ಳದಿದ್ದರೆ ಮಲಗಿರುತ್ತದೆ ಎಂದಳು. ಊಟ ಆಯ್ತಾ ಎಂದು ಒಬ್ಬ ಹೆಂಗಸು ಕೇಳುವ ದನಿ ಹಾಕಿದಳು. ಗೆರೆ ಎದ್ದು ಕುಣಿಯಿತು. ಕುಕ್ಕರಿನ ಸೀಟಿ ಹಾಕಿದಳು, ಕುಣಿಯಿತು. ಎಮ್ಮೆ ಕೂಗಿತು, ಸೊಸೆ ನಕ್ಕಳು, ಯಾರೋ ಬಾಗಿಲು ತಟ್ಟಿದರು. ಎಲ್ಲಕ್ಕೂ ಗೆರೆ ಎದ್ದೆದ್ದು ಬಿತ್ತು. ಗಂಗುಲಮ್ಮನಿಗೆ ತನ್ನ ಮನೆಯ ಹುಳದ ಜಾಣತನ ಕಂಡು ಒಳಗೊಳಗೇ ಹೆಮ್ಮೆಯಾಯಿತು.

“ಇನ್ನೊಂದು ಐತೆ ಅಕ್ಕ. ಇದನ್ನ ಕೇಳಿಸೋಕೇ ನಿಮ್ಮನ್ನ ಕರೆಸಿದ್ದು. ಕೂತ್ಕೊಳ್ಳಿ” ಎಂದಳು ಜಬೀನಾ.

ಬಂದದ್ದು ಒಂದು ಚೀತ್ಕಾರ. ಹೆರಿಗೆ ನೋವಿನದು. ಏರಿ, ಇಳಿದು, ಮತ್ತೆ ಏರಿ, ಆಮೇಲೆ ಒಮ್ಮೆಗೇ ಬೇರೆಯಾಗಿ, ಬಾವಿಯೊಳಗಿಂದ ಬಂದ ಹಾಗೆ ಆಳವಾಗಿ. ನಡುವೆ ಮಾತು: ಅಮ್ಮಾ, ಯಾರೂ ಇಲ್ವಾ, ಏನೋ ಆಗ್ತೈತೆ, ಯಾರಾದ್ರೂ ಬನ್ನಿ.

ಗೆರೆ ಅಲುಗಲಿಲ್ಲ. ಸತ್ತ ಹಾವಿನ ಹಾಗೆ ಪರದೆಯ ಉದ್ದಕ್ಕೂ ಬಿದ್ದಿತ್ತು.

ಅದು ವನಜಳ ದನಿ.

ಗಂಗುಲಮ್ಮ ಅತ್ತಳೆಂದರೆ ಸುಳ್ಳಾಗುತ್ತದೆ. ಮೇಜಿನ ಅಂಚು ಹಿಡಿದು ಕೂತಳು. ಜಬೀನಾ ತಗ್ಗಿದ ದನಿಯಲ್ಲಿ ಹೇಳುತ್ತ ಹೋದಳು. ಹೆರಿಗೆ ಕೋಣೆಯ ಗಣಕ ಮಗುವಿನ ಎದೆಬಡಿತವನ್ನು ಹೊಟ್ಟೆಗೆ ಕಟ್ಟಿದ ಪಟ್ಟಿಯಿಂದ ತಿಳಿಯುತ್ತದೆ. ನೋವಿನಲ್ಲಿ ಹೊರಳಾಡುವಾಗ ಪಟ್ಟಿ ಸರಿಯುವುದುಂಟು. ಅದಕ್ಕೇ ಗಣಕಕ್ಕೆ ಕಿವಿ ಕೊಟ್ಟಿರುವುದು. ತಾಯಿಯ ಕೂಗು ಬದಲಾದ ಕೂಡಲೇ ಡಾಕ್ಟರನ್ನು ಕರೆಯಬೇಕು. ಅವತ್ತು ಪಟ್ಟಿ ಸರಿದಿತ್ತು. ಕಿವಿಯಿತ್ತು. ಆದರೆ ಆ ಕಿವಿ ಇಂಥ ಕೂಗನ್ನು ಹುಟ್ಟಿದಂದಿನಿಂದ ಕೇಳಿಯೇ ಇರಲಿಲ್ಲ. ನಾಲ್ಕು ಜ್ವರದಲ್ಲೂ ಆ ದಾರಿ ಮುಚ್ಚಿಹೋಗಿತ್ತು. ಅದರ ಪಾಲಿಗೆ ಅದು ಸದ್ದೇ ಅಲ್ಲ, ಫ್ಯಾನು ತಿರುಗಿದ ಹಾಗೆ, ಹೊರಗೆ ಬಸ್ಸು ಹೋದ ಹಾಗೆ. ಇದೊಂದೇ ಅಲ್ಲ. ಇಂಥವು ಇನ್ನೂ ಇವೆ. ಸಾರಂಗದವರೇ ಈ ದನಿಗಳನ್ನು ಕಾರಣ ಹುಡುಕಿ ಎಂದು ಕಳಿಸಿದ್ದು.

“ನಾವು ಅಳು ಒಳಿಕ್ಕೆ ಬಿಡ್ಲಿಲ್ಲ” ಎಂದಳು ಗಂಗುಲಮ್ಮ.

“ಹೂಂ ಅಕ್ಕ. ಯಾರ ಮನೇಲೂ ಬಿಡ್ಲಿಲ್ಲ. ಕಂಪನಿ ತಗಡು ಹೊಡೆಸ್ತು. ನಾನು ಇಲ್ಲಿ ಪಾಸು ಮಾಡ್ದೆ.”

“ಬೇರೆ ಚಿಪ್ ತಗೋತಾರೆ ಅನ್ನೋ ಸುದ್ದಿ?”

“ನಿಜ. ಇದಕ್ಕೇ ತಗೋತಿರೋದು. ಅವು ಕಾರ್ಖಾನೇಲೇ ಬೇಯಿಸಿದವು. ಅವಕ್ಕೆ ಕಲಿಸೋಕೆ ಬಾಡಿಗೆಗೆ ಜನ ಕರೆಸಿ ನೋವು ಬಂದೋರ ಥರ ಕೂಗಿಸ್ತಾರಂತೆ.”

“ಬಾಡಿಗೆಗೆ ಹೆರೋಕೂ ಕರೆಸ್ತಾರಾ?” ಎಂದಳು ಗಂಗುಲಮ್ಮ. ದನಿ ತಣ್ಣಗಿತ್ತು. “ಅದು ಹಾಳಾಗ್ಲಿ. ಈಗ ಗೋಡೆ ಮೇಲೆ ಕೂತವಲ್ಲ ಕಿವುಡು ಮಿಷನ್ನುಗಳು, ಅವನ್ನ ತೆಗೀತಾರಾ?”

ಜಬೀನಾ ತಲೆ ತಗ್ಗಿಸಿದಳು. ತೆಗೆದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ, ಹೊಸವು ಬರುವಾಗ ಬರುತ್ತವೆ, ಹಳೆಯವು ಕೆಡುವವರೆಗೆ ಇರುತ್ತವೆ ಎಂದಳು. ಬಾಯಿ ಬಿಡಬಾರದೆಂದು ಎಲ್ಲರಿಗೂ ಹೇಳಿದ್ದಾರೆ. ಈ ದನಿ ತುಮ್ಮನಪಲ್ಲಿಯದೆಂದು ತನಗೆ ಯುಗಾದಿಯ ಹೊತ್ತಿಗೇ ತಿಳಿದಿತ್ತು ಎಂದೂ ಒಪ್ಪಿಕೊಂಡಳು.

ಯುಗಾದಿ ಕಳೆದು ಗೌರಿಹಬ್ಬ ಬಂದಿತ್ತು.

“ನೀನೂ ಕೇಳಿಸ್ಕೊಂಡೆ, ಸುಮ್ನಿದ್ದೆ” ಎಂದು ಗಂಗುಲಮ್ಮ ಎದ್ದಳು. “ನಿನಗಿಂತ ಆ ಹುಳಾನೇ ವಾಸಿ. ಅದಕ್ಕೆ ಕೇಳಿಸ್ತಿರ್ಲಿಲ್ಲ.”

ಬಸ್ಸಿನಲ್ಲಿ ಕೂತಾಗ ಪಾತ್ರೆ ಕಾದಿತ್ತು. ಗಂಗುಲಮ್ಮನ ಸಿಟ್ಟು ಮೊದಲು ಸಾರಂಗದವರ ಮೇಲೆ ಹೋಯಿತು. ತಮ್ಮ ಹೆಸರು ಉಳಿಸಿಕೊಳ್ಳಲು ಊರೂರ ಬಸುರಿಯರನ್ನು ಕಿವುಡು ಗೋಡೆಯ ಕೆಳಗೆ ಮಲಗಿಸಿದವರು. ಆಮೇಲೆ ಗೂಡು ಕಂಪನಿಯ ಮೇಲೆ, ರಾಮಾಂಜಿಯ ನಿಲ್ಲದ ಕಣ್ಣುಗಳ ಮೇಲೆ, ಹಣೆಬರಹ ಎಂದವರ ಮೇಲೆ. ಊರು ಹತ್ತಿರ ಬಂದ ಹಾಗೆ ಸಿಟ್ಟಿಗೆ ಹೋಗಲು ಬೇರೆ ಜಾಗ ಉಳಿಯಲಿಲ್ಲ. ಮನೆಯ ಬಾಗಿಲಲ್ಲಿ ತಗಡು ಇತ್ತು, ತಗಡಿನ ಮೇಲೆ ಹೋದ ಆಯುಧಪೂಜೆಯ ಕುಂಕುಮದ ಕಲೆ ಇತ್ತು. ಆ ಗಣಕದಲ್ಲಿದ್ದ ಹುಳ ಯಾವ ಮನೆಯದೆಂದು ಜಬೀನಾ ಹೇಳಿರಲಿಲ್ಲ. ಗಂಗುಲಮ್ಮ ಕೇಳಿರಲಿಲ್ಲ.

ಅವಳು ನೇರ ಸೊಪ್ಪಿನ ಕೋಣೆಗೆ ಹೋಗಿ ವನಜಳ ಕೈ ಹಿಡಿದು ಎಬ್ಬಿಸಿದಳು. ಅಂಗಳ ದಾಟಿಸಿ ಹುಳದ ಮನೆಯ ಮುಂದೆ ತಂದಳು. ಹೆಜ್ಜೆ ಸದ್ದಿಗೆ ಪಿಳ್ಳಮ್ಮ ಕೋಲು ಅಡ್ಡ ಹಿಡಿದು ಹೊಸಿಲಲ್ಲಿ ನಿಂತಳು.

“ನಾಲ್ಕನೇ ಜ್ವರಕ್ಕೆ ಬಂದವೆ ಹುಳ. ಇವಳನ್ನ ಎತ್ಲಾಗೆ ಕರ್ಕೊಂಡ್ ಹೋಗ್ತಿದೀಯೆ?”

“ಒಳಿಕ್ಕೆ. ಅವಳ ಅಳು ಅವಕ್ಕೆ ಕೇಳ್ಬೇಕು. ದಾರಿ ಬಿಡಿ ಅತ್ತೆ.”

“ನಿಂಗೆ ತಲೆ ಕೆಟ್ಟೈತಾ? ಹುಳದ ಮುಂದೆ ಅಳೋದಾ? ನಮ್ಮ ಕಾಲ್ದಲ್ಲಿ—”

ಗಂಗುಲಮ್ಮ ಈ ಮನೆಗೆ ಬಂದಂದಿನಿಂದ ಅತ್ತೆಯ ಮಾತಿಗೆ ಅಡ್ಡ ಬಂದವಳಲ್ಲ. ಅವತ್ತು ಬಂದಳು. ಪ್ರಯೋಗಾಲಯದಲ್ಲಿ ಕಂಡದ್ದನ್ನು, ಕೇಳಿದ್ದನ್ನು ಒಂದೂ ಬಿಡದೆ ಹೇಳಿದಳು. ಹೇಳುವಾಗ ಕೂಗಲಿಲ್ಲ. ಕೂಗಿದ್ದರೇ ಚೆನ್ನಾಗಿತ್ತು ಎಂದು ವನಜ ಆಮೇಲೆ ಹೇಳುತ್ತಿದ್ದಳು. ಕಡೆಗೆ, “ನಿಮ್ಮ ಮಡಿ ನನ್ನ ಮೊಮ್ಮಗೂನ ತಿಂತು ಅತ್ತೆ. ನಿಮ್ಮದು ಅಂತೀನಾ, ನಮ್ಮ ಮಡಿ. ನಾನೂ ಕುಂಕುಮ ಇಟ್ಟವಳೇ” ಎಂದಳು.

ಪಿಳ್ಳಮ್ಮನ ಕೋಲು ಕೆಳಗಿಳಿಯಲಿಲ್ಲ. ತುಟಿ ಅಲುಗುತ್ತಿತ್ತು. ಆಮೇಲೆ ಕೋಲು ಬಿಟ್ಟು, ಆ ಕೈಯಲ್ಲೇ ತನ್ನ ಮುರಿದ ಹಲ್ಲು ಮುಟ್ಟಿಕೊಂಡಳು.

“ಇದು ಕಬ್ಬು ಕಚ್ಚಿ ಮುರಿದಿದ್ದಲ್ಲ” ಎಂದಳು.

ಹೇಳಿದ ಮಾತು ಇಷ್ಟು. ಅವಳಿಗೆ ಮೊದಲ ನೋವು ಬಂದಾಗ ಮನೆಯಲ್ಲಿ ನಿಜವಾದ ಹುಳಗಳು ನಾಲ್ಕನೇ ಜ್ವರದಲ್ಲಿದ್ದವು. ಅವಳನ್ನೂ ಇದೇ ಸೊಪ್ಪಿನ ಕೋಣೆಗೆ ಹಾಕಿದರು. ಹುಳ ಬೆದರಿ ಗೂಡು ಕಟ್ಟದಿದ್ದರೆ ವರ್ಷವೆಲ್ಲ ಉಪವಾಸ ಎಂದು ಅವಳ ಅತ್ತೆ ಪಂಚೆಯೊಂದನ್ನು ಉಂಡೆ ಮಾಡಿ ಬಾಯಿಗೆ ತುರುಕಿದಳು. ಪಿಳ್ಳಮ್ಮ ಕಚ್ಚಿ ಹಿಡಿದಳು. ಹಲ್ಲು ಮುರಿಯಿತು, ದನಿ ಹೊರಬರಲಿಲ್ಲ. ಭೇಷ್ ಎಂದರು ಎಲ್ಲರೂ. ಅಂಥ ಸೊಸೆ ಊರಿಗಿಲ್ಲ ಎಂದರು.

“ಆ ಕೂಸೇ ನಿನ್ನ ಗಂಡ. ಅದಕ್ಕೇ ಇವತ್ತಿಗೂ ಕರೆದರೆ ಓಗೊಡಲ್ಲ ಅವನು” ಎಂದು ಪಿಳ್ಳಮ್ಮ ನಗಲು ಹೋದಳು. ನಗು ಬರಲಿಲ್ಲ. ಹೊಸಿಲು ದಾಟಿ ಒಳಗೆ ಹೋಗಿ ತಟ್ಟೆಗಳ ಮುಂದೆ ಕೂತಳು. “ಮೊದ್ಲು ನಂದು. ಇವಳದು ಆಮೇಲೆ. ನಂದು ಹಳೇದು” ಎಂದಳು.

ಮೊದಮೊದಲು ಮಾತೇ ಬಂತು. ಕೋಣೆ, ಕತ್ತಲು, ಪಂಚೆಯ ರುಚಿ. ಹೇಳುತ್ತ ಹೇಳುತ್ತ ಎಲ್ಲೋ ಮಾತು ಮುಗಿದು, ಅಷ್ಟು ವರ್ಷ ಹಲ್ಲಿನ ಹಿಂದೆ ತಡೆದು ನಿಂತದ್ದು ಹೊರಗೆ ಬಂತು. ಅಷ್ಟು ಸಣ್ಣ ಮುದುಕಿಯೊಳಗೆ ಅಷ್ಟು ದೊಡ್ಡ ಕೂಗು ಎಲ್ಲಿ ಕೂತಿತ್ತೋ. ಅಂಗಳದ ಕೋಳಿಗಳು ಚೆದುರಿದವು. ಎದುರು ಮನೆಯಿಂದ ಚೌಡಕ್ಕ ಓಡಿ ಬಂದಳು. ವನಜ ಅಜ್ಜಿಯ ಬೆನ್ನ ಹಿಂದೆ ಕೂತು ಅವಳನ್ನು ಅಪ್ಪಿಕೊಂಡಳು. ಅಜ್ಜಿ ನಿಲ್ಲಿಸಿದ ಕಡೆಯಿಂದ ತಾನು ಶುರುಮಾಡಿದಳು. ಕಳೆದ ವರ್ಷದ್ದು, ಆಸ್ಪತ್ರೆಯ ಹಸಿರು ದೀಪದ ಕೆಳಗಿನದು.

ಗಂಗುಲಮ್ಮ ತಟ್ಟೆಗಳ ಮುಚ್ಚಳ ತೆಗೆದು ಎಲ್ಲವನ್ನೂ ಹತ್ತಿರ ಸರಿಸಿದಳು.

ಚೌಡಕ್ಕ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ವಿಷಯ ತಿಳಿದ ಮೇಲೆ ಕ್ಷಮೆ ಗಿಮೆ ಕೇಳುವ ಪೈಕಿಯವಳಲ್ಲ ಅವಳು. “ನಂದು ಮೂರು ಹೆರಿಗೆ ಐತೆ. ಮಧ್ಯದ್ದು ಕಾಲು ಮುಂದಾಗಿ ಬಂದಿದ್ದು. ಯಾವುದು ಬೇಕು ಹೇಳು” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದಳು. ಮಾರನೆಯ ದಿನ ಡೈರಿಯ ಸಾಲಿನಲ್ಲಿ ಹಿಂದಿನಿಂದ ಮುಂದಕ್ಕೆ ದಾಟಿದ ಸುದ್ದಿ ಇದೇ. ಅದಕ್ಕೆ ಕೈಕಾಲು ಮೂಡಿಸುವ ಅಗತ್ಯ ಬೀಳಲಿಲ್ಲ. ಬಂದವರು ಬಂದರು. ನಮ್ಮ ಬೆಳೆ ಕೆಡಿಸಿಕೊಳ್ಳಲಾರೆವು ಎಂದು ಬಾಗಿಲು ಹಾಕಿಕೊಂಡವರೂ ಇದ್ದರು. ಬಂದವರು ಹೆರಿಗೆ ಒಂದನ್ನೇ ತರಲಿಲ್ಲ. ಹೊಡೆತ ತಿಂದದ್ದು ತಂದರು, ಮುಟ್ಟಿನ ಹೊಟ್ಟೆನೋವು ತಂದರು, ತಾಯಿ ಸತ್ತಾಗ ಹುಳದ ಮನೆಯಲ್ಲಿದ್ದೆನೆಂದು ಅಳದೇ ಬಿಟ್ಟದ್ದನ್ನು ತಂದರು. ನಾಲ್ಕನೆಯ ಜ್ವರ ಏರಿದಾಗ ಗಂಗುಲಮ್ಮ ತಟ್ಟೆಯ ಮೇಲೆ ಅಂಗೈ ಹಿಡಿದು ನೋಡಿದಳು. ಯಾವತ್ತಿಗಿಂತ ಹೆಚ್ಚು ಸುಡುತ್ತಿತ್ತು.

ಹಣ್ಣಾದ ಹುಳ ಒಯ್ದ ರಾಮಾಂಜಿ ಎರಡೇ ದಿನಕ್ಕೆ ಅಷ್ಟನ್ನೂ ವಾಪಸ್ ತಂದು ಜಗಲಿಯ ಮೇಲೆ ಸುರಿದ. ಪರೀಕ್ಷೆಯಲ್ಲಿ ಒಂದೂ ಪಾಸಾಗಿರಲಿಲ್ಲ. ಗಲಾಟೆ ಹುಳ ಎಂದು ಬರೆದಿದ್ದಾರೆ ಎಂದ. ಅದಿರಲಿ, ಸಾರಂಗದವರು ಬೇರೆ ಚಿಪ್‌ಗೆ ಹೋಗುವುದಾಗಿ ಬೆಳಿಗ್ಗೆ ಸಾರಿಬಿಟ್ಟಿದ್ದಾರೆ, ಪಾಸಾಗಿದ್ದರೂ ಕೊಳ್ಳುವವರಿರಲಿಲ್ಲ ಎಂದ. ಸೀಕು ಬಂದ ಹುಳವನ್ನು ಸುಣ್ಣ ಹಾಕಿ ಹೂಳುತ್ತಿದ್ದರಲ್ಲ, ಹಾಗೆ ಹೂತುಬಿಡಿ ಎಂಬುದು ಕಂಪನಿಯ ಮಾತು.

“ಹೂಳೋದು ಹೂಳ್ತೀವಿ ರಾಮಾಂಜಪ್ಪ. ಏನನ್ನ ಅಂತ ಆಮೇಲೆ ಹೇಳ್ತೀನಿ” ಎಂದಳು ಗಂಗುಲಮ್ಮ. ಬಾಗಿಲ ತಗಡನ್ನು ಕಿತ್ತು ಅವನ ಸ್ಕೂಟರಿನ ಮುಂದಿನ ಕಾಲಿಡುವ ಜಾಗದಲ್ಲಿ ಇಟ್ಟಳು. ಅವನು ಅದನ್ನು ಹೊತ್ತುಕೊಂಡು ಹೋದ.

ವನಜಳಿಗೆ ನೋವು ಕಾಣಿಸಿಕೊಂಡದ್ದು ಒಂದು ಬೆಳಿಗ್ಗೆ, ಹಿಟ್ಟು ತಿರುವುವ ಹೊತ್ತಿಗೆ. ಆಸ್ಪತ್ರೆ ಅದೇ, ಕೋಣೆ ಅದೇ, ಗೋಡೆಯ ಮೇಲಿನ ಗಣಕವೂ ಅದೇ. ಗಂಗುಲಮ್ಮನ ಸೆರಗಿನ ತುದಿಯಲ್ಲಿ ಒಂದು ಗಂಟು ಇತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಜಬೀನಾ ಕಾದಿದ್ದಳು. ಫೋನು ಮಾಡಿ ಕರೆದದ್ದು ವನಜ, ತಾಯಿಯಲ್ಲ. ಜಬೀನಾ ಗಂಗುಲಮ್ಮನ ಮುಖ ನೋಡಲಿಲ್ಲ. ಕೊರಳಿಗೆ ಕಂಪನಿಯ ಗುರುತಿನ ಚೀಟಿ ಹಾಕಿಕೊಂಡು, ಮಿಷನ್ನು ರಿಪೇರಿಗೆ ಬಂದಿದ್ದೇನೆಂದು ನರ್ಸಿಗೆ ಹೇಳಿ ಒಳಗೆ ಹೋದಳು. ಅವತ್ತಿನ ನಂತರ ಆ ಚೀಟಿ ತನ್ನ ಕೊರಳಲ್ಲಿರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಗಣಕದ ಬೆನ್ನು ಬಿಚ್ಚಿ ಹಳೆಯ ಹುಳ ತೆಗೆದು ಗಂಗುಲಮ್ಮನ ಅಂಗೈಗೆ ಹಾಕಿದಳು. ಸೆರಗಿನ ಗಂಟಿನಿಂದ ಬಂದದ್ದನ್ನು ಅದರ ಜಾಗಕ್ಕೆ ಒತ್ತಿದಳು. ಗಂಗುಲಮ್ಮ ಅಂಗೈ ನೋಡಿಕೊಂಡಳು. ಹುಣಸೆ ಬೀಜದಷ್ಟು. ಎಸೆಯಬೇಕೆಂದಿದ್ದವಳು ಎಸೆಯಲಿಲ್ಲ. ಯಾವುದೋ ಮನೆಯ ಹೆಂಗಸು ದಿನಕ್ಕೆ ಮೂರು ಹೊತ್ತು ಕೂತು, ತನ್ನ ನೋವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿಕೊಟ್ಟು ಬೆಳೆಸಿದ್ದು. ಅದನ್ನೇ ಸೆರಗಿಗೆ ಕಟ್ಟಿಕೊಂಡಳು.

ಒಳಗೆ ಇರಲು ಯಾರಿಗೂ ಬಿಡಲಿಲ್ಲ. ಬಾಗಿಲಾಚೆಯ ಬೆಂಚಿನ ಮೇಲೆ ಇಬ್ಬರೂ ಕೂತರು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು. ನರ್ಸು ಪಟ್ಟಿ ಕಟ್ಟಿ ಬಂದಳು. ಇನ್ನೊಂದು ವಾರ್ಡಿನಲ್ಲಿ ಕರೆಯುತ್ತಿದ್ದಾರೆ, ಹಸಿರು ದೀಪ ಇದೆಯಲ್ಲ, ಭಯವಿಲ್ಲ ಎಂದು ಹೋದಳು. ಹೋದ ವರ್ಷವೂ ಇದೇ ಮಾತು ಹೇಳಿದ್ದರು. ಗಂಗುಲಮ್ಮ ಎದ್ದು ಬಾಗಿಲಿಗೆ ಕಿವಿಯಿಟ್ಟಳು. ವನಜ ಕೂಗುತ್ತಿದ್ದಳು. ಏರಿತು, ಇಳಿಯಿತು. ಮತ್ತೆ ಏರಿತು. ಗಣಕ ಸುಮ್ಮನಿತ್ತು. ಸುಮ್ಮನಿರುವುದು ಸರಿ, ಅದು ಬರಬೇಕಾದ ನೋವೇ. ಆದರೂ ಆ ಸುಮ್ಮನಿರುವಿಕೆಗೆ ಗಂಗುಲಮ್ಮನ ಮೈ ಉರಿಯಿತು. ಬಾಗಿಲು ಒಡೆಯಲು ಕೈ ಎತ್ತಿದಳು.

ಆಗ ಕೂಗು ಬದಲಾಯಿತು. ಬಾವಿಯೊಳಗಿಂದ ಬಂತು.

ಅದರ ಹಿಂದೆಯೇ ಗೋಡೆ ಕಿರುಚಿತು. ಸಾರಂಗದವರು ಗಣಕಕ್ಕೆ ಕೊಟ್ಟಿದ್ದ ನಯವಾದ ದನಿಯೇ, ಆದರೆ ಅಷ್ಟು ಜೋರಾಗಿ ಅದು ಮಾತಾಡಬಲ್ಲದೆಂದು ಆ ಆಸ್ಪತ್ರೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಬನ್ನಿ, ಕೂಡಲೇ ಬನ್ನಿ, ತಾಯಿ ಕರೆಯುತ್ತಿದ್ದಾಳೆ. ಕೆಂಪು ದೀಪ ಬಾಗಿಲ ಸಂದಿಯಿಂದ ಹೊರಗೆ ಬಿತ್ತು. ನರ್ಸು ಓಡಿ ಬಂದಳು, ಅವಳ ಹಿಂದೆ ಡಾಕ್ಟರು, ಒಂದು ಕಾಲಿಗೆ ಮಾತ್ರ ಚಪ್ಪಲಿ. ಪಟ್ಟಿ ಸರಿದುಹೋಗಿತ್ತು. ಹೊಕ್ಕುಳಬಳ್ಳಿ ಮಗುವಿನ ಕೊರಳಿಗೆ ಸುತ್ತಿತ್ತು. ಇನ್ನೊಂದು ಗಳಿಗೆ ತಡವಾಗಿದ್ದರೆ ಎಂದು ಡಾಕ್ಟರು ಆಮೇಲೆ ಅರ್ಧ ಹೇಳಿ ನಿಲ್ಲಿಸಿದರು. ಮಿಕ್ಕರ್ಧ ಗಂಗುಲಮ್ಮನಿಗೆ ಹೇಳಿಸಿಕೊಳ್ಳದೆಯೇ ಗೊತ್ತಿತ್ತು.

ಹೆಣ್ಣುಮಗು. ಬಟ್ಟೆ ಸುತ್ತಿ ತಂದು ಗಂಗುಲಮ್ಮನ ಕೈಗಿಟ್ಟಾಗ ಅದು ಬಾಯಿ ಅಗಲಿಸಿ ಅಳುತ್ತಿತ್ತು. ನರ್ಸು ಬೆವರು ಒರೆಸಿಕೊಳ್ಳುತ್ತ, ಏನಮ್ಮಾ ಈ ಮಿಷನ್ನು, ತಾಯಿ ಕೂಗಿದರೆ ಆಸ್ಪತ್ರೇನೇ ಎಬ್ಬಿಸಿತು, ಮಗು ಇಷ್ಟು ಅಳ್ತಾ ಇದ್ದರೂ ಕೇಳದ ಹಾಗೆ ಕೂತಿದೆ ಎಂದು ನಕ್ಕಳು.

ಜಬೀನಾ ನಗಲಿಲ್ಲ, ಗಂಗುಲಮ್ಮನೂ ನಗಲಿಲ್ಲ. ಹುಳದ ಮನೆಗೆ ಅಷ್ಟು ಹೆಂಗಸರು ಬಂದಿದ್ದರು. ಎಳೆಗೂಸನ್ನು ಎತ್ತಿಕೊಂಡು ಯಾರೂ ಬಂದಿರಲಿಲ್ಲ. ಕೂಸಿನ ಅಳುವಿಗೆ ಆ ಹುಳದಲ್ಲಿ ದಾರಿ ಮೂಡಿಯೇ ಇರಲಿಲ್ಲ.

ಮಗು ಅಳುತ್ತಲೇ ಇತ್ತು. ಅಭ್ಯಾಸಬಲದಿಂದ ಗಂಗುಲಮ್ಮನ ಕೈ ಅದರ ಬೆನ್ನು ತಟ್ಟಲು ಹೋಯಿತು, ಶ್ ಎನ್ನಲು ನಾಲಿಗೆ ಹಲ್ಲಿಗೆ ತಾಗಿತು. ಅಲ್ಲೇ ನಿಂತಿತು. ಹಣ್ಣಾದ ಹುಳ ಇನ್ನು ಕಲಿಯದೆಂದು ಗೊತ್ತಿದ್ದೂ ಅವಳು ಮಗುವನ್ನು ಎತ್ತಿ ಹಿಡಿದು, ತೆರೆದ ಬಾಗಿಲಾಚೆ ಕೆಂಪಾರಿ ಮತ್ತೆ ಹಸಿರಾಗಿದ್ದ ಗೋಡೆಯ ಕಡೆಗೆ ಅದರ ಮುಖ ತಿರುಗಿಸಿದಳು.

“ಅಳು ಮಗಾ” ಎಂದಳು. “ಸುಮ್ಕಾಗ್ಬ್ಯಾಡ. ಇನ್ನೂ ಜೋರಾಗಿ ಅಳು.”